ಕುತ್ತಿಗೆಗೆ ಕೃತಕ ಡಿಸ್ಕ್ ಹಾಕಿಸಬಹುದೇ?

ಪ್ರಶ್ನೆ: ನಮ್ಮ ಯಜಮಾನರಿಗೆ 47 ವರ್ಷ. ಸಣ್ಣ ಕಾಫಿ ತೋಟ ಇದೆ. ಮೂರು ವರ್ಷದಿಂದ ಕುತ್ತಿಗೆ ನೋವು. ಏಣಿ ಹತ್ತಿ ಮೆಣಸು ಕೊಯ್ಯುವಾಗ ತಲೆ ಎತ್ತಿದರೆ ಬಲಗೈಗೆ ಕರೆಂಟ್ ಹೊಡೆದ ಹಾಗಾಗಿ ಹೆಬ್ಬೆರಳು ಜೋಮು ಹಿಡಿಯುತ್ತದೆ. ಕೈಯನ್ನು ತಲೆ ಮೇಲಿಟ್ಟುಕೊಂಡರೆ ಸ್ವಲ್ಪ ಆರಾಮ. ಮಾತ್ರೆ, ಫಿಸಿಯೋಥೆರಪಿ ಎಲ್ಲ ಆಯ್ತು. ಎಂಆರ್‌ಐ ನೋಡಿದ ಡಾಕ್ಟರು, ಸಿ5-ಸಿ6 ಡಿಸ್ಕ್ (ಕುತ್ತಿಗೆಯ ಐದನೇ, ಆರನೇ ಮೂಳೆಗಳ ನಡುವಿನ ಮೆತ್ತೆ) ತೆಗೆದು ಕೃತಕ ಡಿಸ್ಕ್ ಹಾಕಬಹುದು ಎಂದಿದ್ದಾರೆ. ಹಾಕಿಸಿದರೆ ಕುತ್ತಿಗೆ ನೋವು ಪೂರ್ತಿ ಹೋಗುತ್ತಾ? ಇತ್ತೀಚೆಗೆ ಅಂಗಿ ಗುಂಡಿಯನ್ನೂ ನಾನೇ ಹಾಕಿಕೊಡಬೇಕು. ಕೊಯ್ಲು ಮುಗಿಯಲಿ, ನೋಡೋಣ ಅಂತಾರೆ.
– ಓದುಗರು, ಮೂಡಿಗೆರೆ

ಉತ್ತರ: ಅಮ್ಮಾ, ನೀವು ಕೊನೆಯಲ್ಲಿ ಬರೆದ ಗುಂಡಿಯ ವಿಷಯವನ್ನೇ ಮೊದಲು ನೋಡಬೇಕು. ಕೈಗೆ ಹೋಗುವ ನರ ಒತ್ತಿದರೆ ನೋವು, ಜೋಮು ಬರುತ್ತದೆ. ಡಿಸ್ಕ್ ಬೆನ್ನುಹುರಿಯನ್ನೇ ಒತ್ತುತ್ತಿದ್ದರೆ ಬೆರಳಿನ ನಾಜೂಕು ಕೆಲಸ ಕೆಡುತ್ತದೆ. ಗುಂಡಿ ಹಾಕುವುದು, ಸಹಿ ಮಾಡುವುದು, ಚಿಲ್ಲರೆ ಎಣಿಸುವುದು ಕಷ್ಟವಾಗುತ್ತದೆ. ಮನೆಯಲ್ಲೇ ಒಮ್ಮೆ ನೋಡಿ: ಮುಷ್ಟಿ ಕಟ್ಟಿ ಪೂರ್ತಿ ಬಿಡಿಸಲು ಹೇಳಿ. ಸಾಮಾನ್ಯವಾಗಿ 10 ಸೆಕೆಂಡಿನಲ್ಲಿ 20 ಸಲವಾದರೂ ಆಗಬೇಕು. ಅಷ್ಟು ಸಲ ಆಯ್ತು ಅಂತಲೂ ಸುಮ್ನೆ ಕೂರಬೇಡಿ. ಈ ವಾರವೇ ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ತಜ್ಞರಿಗೆ ತೋರಿಸಿ. ನಡೆಯುವಾಗ ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಹೊರಡಿ. ಕೊಯ್ಲಿಗೆ ಆಳು ಹುಡುಕಬಹುದು. ತುಂಬಾ ದಿನ ಒತ್ತಿಹೋದ ಬೆನ್ನುಹುರಿ ಮೊದಲಿನಂತಾಗುತ್ತದೆ ಎಂಬ ಭರವಸೆ ಕೊಡಲಾಗದು.

ಇನ್ನು ಕುತ್ತಿಗೆ ನೋವು. ಅದು ಪೂರ್ತಿ ಹೋಗುತ್ತದೆ ಎಂಬ ಆಸೆಯಿಂದ ಈ ಆಪರೇಷನ್ ಮಾಡಿಸಬೇಡಿ. ಇದರಿಂದ ಮುಖ್ಯವಾಗಿ ಕಡಿಮೆಯಾಗುವುದು ಕೈಗಿಳಿಯುವ ನೋವು. ನೋವೇ ಇಲ್ಲದ ಎಷ್ಟೋ ಜನರ ಎಂಆರ್‌ಐನಲ್ಲೂ ಡಿಸ್ಕ್ ಉಬ್ಬಿರುತ್ತದೆ, ಹಾಗಾಗಿ ಬರೀ ಫಿಲ್ಮ್ ನೋಡಿ ತೀರ್ಮಾನ ಮಾಡುವಂತಿಲ್ಲ. ನಿಮ್ಮ ಯಜಮಾನರ ವಿಷಯದಲ್ಲಿ ಹೆಬ್ಬೆರಳಿನ ಜೋಮು, ತಲೆ ಎತ್ತಿದಾಗಿನ ನೋವು, ಕೈ ಮೇಲಿಟ್ಟಾಗಿನ ಆರಾಮ, ಎಲ್ಲವೂ ಆ ಡಿಸ್ಕ್ ಪಕ್ಕದಲ್ಲೇ ಹೊರಡುವ ಸಿ6 ನರದ ಕಡೆಗೇ ಕೈ ತೋರಿಸುತ್ತವೆ. ಎಂಆರ್‌ಐಗೂ ಅದು ತಾಳೆಯಾಗುತ್ತದೆ. ಆದ್ದರಿಂದ ಆಪರೇಷನ್ ಮಾತು ಬಂದಿದ್ದರಲ್ಲಿ ತಪ್ಪಿಲ್ಲ.

ಯಾವ ಆಪರೇಷನ್ ಅನ್ನುವುದು ಆಮೇಲಿನ ಮಾತು. ಮೂಳೆ ಬೆಸೆಯುವುದು, ಕೃತಕ ಡಿಸ್ಕ್ ಹಾಕುವುದು ಎಂದು ಎರಡು ವಿಧಾನ. ಎರಡರಲ್ಲೂ ಕುತ್ತಿಗೆಯ ಮುಂದಿನಿಂದ ಹೋಗಿ ಕೆಟ್ಟ ಡಿಸ್ಕ್ ತೆಗೆಯುತ್ತಾರೆ. ಹಳೆಯ ವಿಧಾನದಲ್ಲಿ ಎರಡು ಮೂಳೆಗಳನ್ನು ಬೆಸೆಯುತ್ತಾರೆ. ಆ ಜಾಗ ಆಮೇಲೆ ಅಲುಗುವುದಿಲ್ಲ, ಮೇಲಿನ ಕೆಳಗಿನ ಡಿಸ್ಕ್‌ಗಳ ಮೇಲೆ ಭಾರ ಜಾಸ್ತಿ ಬೀಳುತ್ತದೆ. ಕೃತಕ ಡಿಸ್ಕ್‌ನಲ್ಲಿ ಅಲುಗಾಟ ಉಳಿಯುತ್ತದೆ. ಕೆಲವರಲ್ಲಿ ವರ್ಷಗಳ ನಂತರ ಸುತ್ತ ಮೂಳೆ ಬೆಳೆದು ಅದೂ ಬಿಗಿಯಾಗುವುದುಂಟು. ಹಿಂಭಾಗದ ಸಣ್ಣ ಕೀಲುಗಳು ತುಂಬಾ ಸವೆದಿದ್ದರೆ, ಮೂಳೆ ಟೊಳ್ಳಾಗಿದ್ದರೆ ಅಥವಾ ಒಂದರ ಮೇಲೊಂದು ಜಾರುತ್ತಿದ್ದರೆ ಕೃತಕ ಡಿಸ್ಕ್ ಬೇಡ, ಬೆಸೆಯುವುದೇ ಸರಿ. ಮೂಳೆ ಜಾರುತ್ತಿದೆಯಾ ಎಂದು ತಿಳಿಯಲು ತಲೆ ಬಗ್ಗಿಸಿ, ಎತ್ತಿ ತೆಗೆದ ಎಕ್ಸ್‌ರೇ ಬೇಕು. ತೆಗೆಸಿದ್ದಾರಾ ಕೇಳಿ. ಆಪರೇಷನ್ ಆದಮೇಲೆ ಕೆಲ ದಿನ ನುಂಗಲು ಕಷ್ಟ, ದನಿ ಒರಟು ಆಗಬಹುದು. ಹೆಚ್ಚಿನವರಲ್ಲಿ ಸರಿಹೋಗುತ್ತದೆ.

ಅಲ್ಲಿಯವರೆಗೆ ಏಣಿ ಬೇಡ, ತಲೆ ಮೇಲೆ ಮೂಟೆ ಬೇಡ. ಕಟಿಂಗ್ ಶಾಪಿನಲ್ಲಿ ಕುತ್ತಿಗೆ ತಿರುಗಿಸಿ ನೆಟಿಗೆ ತೆಗೆಸುವ ಅಭ್ಯಾಸ ಅವರಿಗಿದ್ದರೆ ಇವತ್ತೇ ಬಿಡಿಸಿ.