ಶುಗರ್‌ನಿಂದ ಕಣ್ಣಿಗೆ ಪೆಟ್ಟು ಬಿದ್ದಿದೆ ಅಂತ ಗೊತ್ತಾದ ಮೇಲೂ ಅಪ್ಪ ಯಾಕೆ ಜಾಗ್ರತೆ ಮಾಡುತ್ತಿಲ್ಲ?

ನಿಮ್ಮ ತಂದೆಗೆ 12 ವರ್ಷದಿಂದ ಶುಗರ್, ರೆಟಿನಾದಲ್ಲಿ (ಕಣ್ಣಿನ ಹಿಂಬದಿಯ ನೋಟ ಗ್ರಹಿಸುವ ಪದರ) ರಕ್ತ ಒಸರಿದೆ ಎಂದು ಡಾಕ್ಟರು ಹೇಳಿದ್ದಾರೆ, ಆದರೂ ಇನ್ಸುಲಿನ್ ತಪ್ಪಿಸುತ್ತಾರೆ, ಕಣ್ಣಿನ ಚೆಕಪ್‌ಗೆ ಬರುವುದಿಲ್ಲ ಎಂದು ಬರೆದಿದ್ದೀರಿ. ನನಗಂತೂ ಇದು ಬರೀ ಹಟ ಅನ್ನಿಸುವುದಿಲ್ಲ.

ಈ ಕಾಯಿಲೆ ನೋಯುವುದಿಲ್ಲ. ರಕ್ತನಾಳಗಳು ಸೋರಲು ಶುರುವಾದ ಮೇಲೂ ಎಷ್ಟೋ ಕಾಲ ಪೇಪರ್ ಓದಲು ಅಡ್ಡಿಯಾಗದು. ‘ಚೆನ್ನಾಗೇ ಕಾಣುತ್ತಲ್ಲ’ ಎನ್ನುವವರಿಗೆ ಬೈದು ಪ್ರಯೋಜನವಿಲ್ಲ. ರೆಟಿನಾದ ಫೋಟೋ ತೆಗೆದಿದ್ದರೆ ಅದನ್ನೇ ಅವರ ಮುಂದಿಟ್ಟು ವಿವರಿಸಲು ಡಾಕ್ಟರನ್ನು ಕೇಳಿ.

ಆಮೇಲೆ, ಅವರು ಸಿರಿಂಜಿಗೆ ಇನ್ಸುಲಿನ್ ಎಳೆಯುವಾಗ ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ದೃಷ್ಟಿ ಮಂಜಾದವರು ಎಡವುವುದು ಹೆಚ್ಚಾಗಿ ಇಲ್ಲೇ, ಮನೆಯವರ ಗಮನಕ್ಕೆ ಬಾರದಿರುವುದೂ ಇದೇ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಒಂದು ಎಂಎಲ್‌ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜೇ ಬೇಕು. ಕಿತ್ತಳೆ ಮುಚ್ಚಳದ 100ರ ಸಿರಿಂಜ್ ಕೈಗೆ ಬಂದರೆ, 20ರ ಗೆರೆವರೆಗೆ ಎಳೆದರೂ ಒಳಗೆ ಹೋಗುವುದು 8 ಯೂನಿಟ್ ಮಾತ್ರ. ಶುಗರ್ ಇಳಿಯುವುದಿಲ್ಲ, ‘ಈ ಔಷಧಿ ನನಗೆ ಹಿಡಿಸಲ್ಲ’ ಎಂದು ಬಿಟ್ಟುಬಿಡುತ್ತಾರೆ. ಅದಲುಬದಲಾಗಿ 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೆಚ್ಚು ಹೋಗಿ ಜೀವಕ್ಕೇ ಅಪಾಯ. ಗೆರೆ, ಗಾಳಿಗುಳ್ಳೆ ಕಾಣದಿದ್ದರೆ ಇನ್ಸುಲಿನ್ ಪೆನ್‌ಗೆ (ಡೋಸ್‌ನ ಅಂಕಿ ತಿರುಗಿಸಿಟ್ಟು ಚುಚ್ಚಿಕೊಳ್ಳುವ ಸಾಧನ) ಬದಲಾಯಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಪೆನ್ ಆದರೂ ಬರೀ ಕ್ಲಿಕ್ ಸದ್ದು ಎಣಿಸಿ ಚುಚ್ಚಿಕೊಳ್ಳುವುದು ಬೇಡ, ಅಂಕಿಯನ್ನು ಕಣ್ಣು ಕಾಣುವವರು ನೋಡಬೇಕು.

ಲೋ ಶುಗರ್‌ನ ಭಯವನ್ನೂ ವಿಚಾರಿಸಿ. ಒಮ್ಮೆ ಶುಗರ್ 70ಕ್ಕಿಂತ ಕೆಳಗಿಳಿದು ಬೆವರಿ ನಡುಗಿದವರು ಯಾರಿಗೂ ಹೇಳದೆ ಡೋಸ್ ಕಡಿಮೆ ಮಾಡಿಕೊಳ್ಳುವುದುಂಟು. ಅದನ್ನು ಡಾಕ್ಟರಿಗೆ ತಿಳಿಸಿದರೆ ಡೋಸ್ ಸರಿಮಾಡುತ್ತಾರೆ.

ಚೆಕಪ್ ವಿಷಯ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಮಂಜು, ಬೈಕ್ ಓಡಿಸುವಂತಿಲ್ಲ. ಜೊತೆಗೊಬ್ಬರು ಬೇಕು, ಇಬ್ಬರ ದಿನದ ಕೆಲಸ ಹೋಗುತ್ತದೆ. ಮಕ್ಕಳಿಗೆ ಹೊರೆಯಾಗಬಾರದೆಂದು ಸುಮ್ಮನಾಗುವ ಹಿರಿಯರು ಎಷ್ಟೋ ಮಂದಿ. ‘ಹೋಗಿ ಬನ್ನಿ’ ಅನ್ನುವ ಬದಲು ಯಾವ ದಿನ, ಯಾರು ಜೊತೆಗೆ ಎಂದು ಮೊದಲೇ ಗೊತ್ತುಮಾಡಿ.

ಲೇಸರ್ ಮಾಡಿಸಿದರೆ ಅದು ಇರುವ ದೃಷ್ಟಿಯನ್ನು ಉಳಿಸಲು. ಹೋದದ್ದು ಮರಳುವುದು ಅಪರೂಪ, ರಾತ್ರಿ ನೋಟ ಸ್ವಲ್ಪ ಕುಗ್ಗಲೂಬಹುದು. ಇದನ್ನು ಮುಂಚೆ ಹೇಳದಿದ್ದರೆ ‘ಲೇಸರ್‌ನಿಂದಲೇ ಕಣ್ಣು ಹೋಯಿತು’ ಎಂಬ ಮಾತು ಊರೆಲ್ಲ ಹಬ್ಬುತ್ತದೆ. ರೆಟಿನಾದ ಊತ ಇಳಿಸಲು ಕೊಡುವ ಕಣ್ಣಿನ ಇಂಜೆಕ್ಷನ್ ಶುರುವಿನಲ್ಲಿ ತಿಂಗಳಿಗೊಂದರಂತೆ ಹಲವು ಬೇಕಾಗುತ್ತದೆ. ಒಂದಕ್ಕೇ ನಿಲ್ಲಿಸಿದರೆ ಊತ ಮರಳಬಹುದು, ಆದ್ದರಿಂದ ಒಟ್ಟು ಖರ್ಚನ್ನು ಮೊದಲೇ ಕೇಳಿಕೊಳ್ಳಿ.

ಬಿಪಿ ಮಾತ್ರೆ ಬಿಡಿಸಬೇಡಿ, ರೆಟಿನಾಗೆ ಬಿಪಿ ಹತೋಟಿಯೂ ಮುಖ್ಯ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ HbA1c ಪರೀಕ್ಷೆಯ ಅಂಕಿ ಬಹಳ ಜನರಿಗೆ ಶೇಕಡಾ 7ರ ಆಸುಪಾಸು ಇರಬೇಕು. ಆದರೆ ಬಹುಕಾಲ ಏರಿದ್ದನ್ನು ಒಮ್ಮೆಲೇ ಇಳಿಸಿದರೆ ಕಣ್ಣು ಕೆಲಕಾಲ ಹದಗೆಡಬಹುದು. ಹಾಗಾಗಿ ಶುಗರ್ ಡಾಕ್ಟರಿಗೂ ಕಣ್ಣಿನ ಡಾಕ್ಟರಿಗೂ ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸಿ.

ಊಟ ಸೇರದೆ, ನಿದ್ದೆ ಬಾರದೆ ‘ಇನ್ನೇನು ಮಾಡಿ ಏನು’ ಎನ್ನುತ್ತಿದ್ದರೆ ಅದು ಖಿನ್ನತೆ ಇರಬಹುದು, ಅದಕ್ಕೂ ಚಿಕಿತ್ಸೆಯಿದೆ. ಹಠಾತ್ತನೆ ಕಣ್ಣೆದುರು ಕಪ್ಪು ಚುಕ್ಕೆಗಳು ತೇಲಿದರೆ ಅಥವಾ ಪರದೆ ಇಳಿದಂತಾದರೆ ಮುಂದಿನ ತಾರೀಕಿಗೆ ಕಾಯದೆ ಅವತ್ತೇ ರೆಟಿನಾ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.