ಬೆಳಗಿನ ನಡುಕವನ್ನು ಮಧ್ಯಾಹ್ನ ಹುಡುಕಬೇಡಿ

ಚಳಿ ಶುರುವಾದರೆ ಸಾಕು, ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ದೂರು: ಬೆಳಿಗ್ಗೆ ಕಾರು ಅದುರುತ್ತದೆ. ಬಿಡಿ ಭಾಗಗಳಿಗೆ ಸಾವಿರಾರು ರೂಪಾಯಿ ಸುರಿದ ಮೇಲೆ ನನಗೆ ಬರೆಯುತ್ತಾರೆ ಎನ್ನುವುದೇ ಸಂಕಟ. ಹಾಗಾಗಿ ಈ ಬಾರಿ ಒಂದು ಪತ್ರಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ.

ಪ್ರಶ್ನೆ: ನಾವು ಸಕಲೇಶಪುರದವರು. ಹತ್ತು ವರ್ಷ ಹಳೆಯ ಪೆಟ್ರೋಲ್ ಕಾರು, 80,000 ಕಿ.ಮೀ. ಓಡಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಸ್ಟೀರಿಂಗ್ ನಡುಗುವಷ್ಟು ಅದುರುತ್ತದೆ, ಒಮ್ಮೊಮ್ಮೆ ನಿಂತೇ ಹೋಗುತ್ತದೆ. ಮೂರ್ನಾಲ್ಕು ನಿಮಿಷದಲ್ಲಿ ಸರಿಹೋಗುತ್ತದೆ. ಚೆಕ್ ಎಂಜಿನ್ ದೀಪ ಹತ್ತಿಲ್ಲ. ಪ್ಲಗ್ ಬದಲಾಯಿಸಿ, ಇಂಜೆಕ್ಟರ್ ಕ್ಲೀನ್ ಮಾಡಿಸಿದ್ದಾಯಿತು. ಈಗ ಮೆಕ್ಯಾನಿಕ್ ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೋಗಿದೆ ಎನ್ನುತ್ತಿದ್ದಾರೆ. ಬದಲಾಯಿಸಲೇ?

ಉತ್ತರ: ಖಂಡಿತ ಬೇಡ. ಇಸಿಎಂ ಕೆಟ್ಟಿದ್ದರೆ ದಿನಾ ಮೂರ್ನಾಲ್ಕು ನಿಮಿಷದಲ್ಲಿ ತಾನಾಗಿಯೇ ಸರಿಹೋಗುವ ಸಂಭವ ತೀರಾ ಕಡಿಮೆ. ನೀವು ಕಾರನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗಿ ತೋರಿಸಿದ್ದೀರಿ. ಅಷ್ಟು ಹೊತ್ತಿಗೆ ಎಂಜಿನ್ ಬಿಸಿಯಾಗಿ ರೋಗವೇ ಮಾಯವಾಗಿರುತ್ತದೆ. ಹಿಂದಿನ ಸಂಜೆಯೇ ಕಾರನ್ನು ಅಲ್ಲಿ ಬಿಟ್ಟು ಬನ್ನಿ, ಬೆಳಿಗ್ಗೆ ನೀವು ಹೋಗುವವರೆಗೆ ಯಾರೂ ಕೀ ತಿರುಗಿಸಬಾರದು ಎಂದು ಹೇಳಿ.

ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ, ಇಸಿಎಂ ಮಾಹಿತಿ ಓದುವ ಸ್ಕ್ಯಾನರ್ ಹಾಕಿಸಿ. ದೋಷದ ಕೋಡ್ ಹುಡುಕುವುದು ಆಮೇಲೆ. ಮೊದಲು ಎರಡು ಅಂಕಿ ನೋಡಿ: ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಉಷ್ಣಾಂಶ ಮತ್ತು ಒಳಬರುವ ಗಾಳಿಯ ಉಷ್ಣಾಂಶ. ರಾತ್ರಿಯಿಡೀ ನಿಂತ ಕಾರಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಗಾಳಿ 14 ಡಿಗ್ರಿ, ಕೂಲಂಟ್ 45 ಡಿಗ್ರಿ ಎಂದು ತೋರಿಸಿದರೆ ಕೂಲಂಟ್ ಸೆನ್ಸರ್ ಅಥವಾ ಅದರ ಕನೆಕ್ಟರ್ ಮೇಲೆ ಸಂಶಯಪಡಿ. ತಣ್ಣಗಿನ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಬೇಕು. ಈಗಾಗಲೇ ಬಿಸಿಯಾಗಿದೆ ಎಂದು ನಂಬಿದ ಇಸಿಎಂ ಕಡಿಮೆ ಕೊಡುತ್ತದೆ, ಎಂಜಿನ್ ಅದುರುತ್ತದೆ. 45 ಡಿಗ್ರಿ ಅಸಂಭವವಾದ ಅಂಕಿಯಲ್ಲದ ಕಾರಣ ಬಹಳಷ್ಟು ಕಾರುಗಳಲ್ಲಿ ದೀಪವೂ ಹತ್ತುವುದಿಲ್ಲ. ಈ ಸೆನ್ಸರಿನ ಬೆಲೆಯನ್ನೂ ಇಸಿಎಂ ಬೆಲೆಯನ್ನೂ ಒಮ್ಮೆ ಕೇಳಿ ನೋಡಿ, ನನಗೇಕೆ ಸಿಟ್ಟು ಬರುತ್ತದೆ ಎಂದು ಗೊತ್ತಾಗುತ್ತದೆ.

ಅಂಕಿಗಳು ಹೊಂದಿಕೆಯಾಗಿದ್ದರೆ ಸ್ಟಾರ್ಟ್ ಮಾಡಿ ಆರ್‌ಪಿಎಂ ನೋಡಿ. ಚಳಿಯಲ್ಲಿ ಸಾಮಾನ್ಯವಾಗಿ 1,200ರ ಆಸುಪಾಸಿಗೆ ಏರಿ, ಬಿಸಿಯಾದಂತೆ ನಿಧಾನವಾಗಿ 700–850ಕ್ಕೆ ಇಳಿಯಬೇಕು. ಏರುವುದೇ ಇಲ್ಲವೆಂದರೆ ಎಂಜಿನ್ನಿಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಥ್ರಾಟಲ್ ಬಾಡಿ ಬಿಚ್ಚಿಸಿ. ಅದರ ಬಿಲ್ಲೆಯ ಅಂಚಿಗೆ ಕಪ್ಪು ಮಸಿ ಅಂಟಿಕೊಂಡು ಗಾಳಿಯ ದಾರಿ ಕಟ್ಟಿರುತ್ತದೆ. ಥ್ರಾಟಲ್ ಕ್ಲೀನರ್ ಹಾಕಿದ ಬಟ್ಟೆಯಿಂದ ಒರೆಸಿದರೆ ಸಾಕು. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಬಿಲ್ಲೆಯನ್ನು ಬೆರಳಿನಿಂದ ಒತ್ತಿ ತೆರೆಯಲು ಬಿಡಬೇಡಿ, ಒಳಗಿನ ಗೇರ್ ಹಾಳಾಗಬಹುದು. ಒರೆಸಿದ ಮೇಲೆ ಹಲವು ಕಾರುಗಳಿಗೆ ಸ್ಕ್ಯಾನರಿನಿಂದ ಐಡಲ್ (ಆಕ್ಸಿಲರೇಟರ್ ಒತ್ತದಿರುವಾಗಿನ ಎಂಜಿನ್ ವೇಗ) ಮತ್ತೆ ಕಲಿಸಬೇಕು. ಅದನ್ನು ಮರೆತು ‘ಕ್ಲೀನ್ ಮಾಡಿದ ಮೇಲೆ ಇನ್ನೂ ಕೆಟ್ಟಿತು’ ಎಂದು ಬರೆಯುವವರು ಬಹಳ.

ಇನ್ನು ಗಾಳಿ ಸೋರಿಕೆ, ಅಂದರೆ ಬಿರುಕಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಎಂಜಿನ್ನಿಗೆ ನುಗ್ಗುವುದು. ಹತ್ತು ವರ್ಷ ಎಂಜಿನ್ ಕಾವಿನಲ್ಲಿ ಬೆಂದ ರಬ್ಬರ್ ಪೈಪು ಗಡುಸಾಗಿ ಬಿರಿದಿರುತ್ತದೆ, ಚಳಿಗೆ ಕುಗ್ಗಿ ಇನ್ನಷ್ಟು ಬಾಯಿ ಬಿಡುತ್ತದೆ. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಕೆಲಸ ಶುರು ಮಾಡಲು ಸುಮಾರು 300 ಡಿಗ್ರಿಯ ಕಾವು ಬೇಕು. ಅಲ್ಲಿಯವರೆಗೆ ಹೆಚ್ಚುವರಿ ಗಾಳಿಯ ಸುದ್ದಿ ಇಸಿಎಂಗೆ ಮುಟ್ಟುವುದಿಲ್ಲ, ಮುಟ್ಟಿದ ಮೇಲೆ ಪೆಟ್ರೋಲ್ ಹೆಚ್ಚಿಸಿ ಸರಿದೂಗಿಸುತ್ತದೆ. ಆಗ ನೀವು ಕಾರು ಸರಿಹೋಯಿತು ಎನ್ನುತ್ತೀರಿ, ಸೋರಿಕೆ ಮಾತ್ರ ಹಾಗೆಯೇ ಇರುತ್ತದೆ. ಬಿಸಿ ಎಂಜಿನ್ನಿನಲ್ಲಿ ಸ್ಕ್ಯಾನರಿನಲ್ಲಿ ಫ್ಯೂಯೆಲ್ ಟ್ರಿಮ್ (ಇಸಿಎಂ ಪೆಟ್ರೋಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಅಂಕಿ) ನೋಡಿ: ಐಡಲ್‌ನಲ್ಲಿ ಶೇ 15 ಹೆಚ್ಚಿದ್ದು, 2,500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯ ಹತ್ತಿರ ಬಂದರೆ ಗಾಳಿ ಸೋರುತ್ತಿದೆ ಎಂದೇ ಹಿಡಿಯಿರಿ. ಹೊಗೆ ಬಿಟ್ಟು ಪತ್ತೆ ಮಾಡುವ ಯಂತ್ರವಿರುವ ಗ್ಯಾರೇಜಿಗೆ ಹೋಗಿ. ಓಡುತ್ತಿರುವ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸಿ ಹುಡುಕುವವರನ್ನು ಕಾರಿನ ಹತ್ತಿರ ಸೇರಿಸಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಅದುರುವಾಗ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬಂದು, ಕೂಲಂಟ್ ವಾರವಾರವೂ ಇಳಿಯುತ್ತಿದ್ದರೆ ಮೇಲಿನದೆಲ್ಲ ಬಿಡಿ. ಸಿಲಿಂಡರುಗಳ ಮೇಲ್ಭಾಗದ ಸೀಲಾದ ಹೆಡ್ ಗ್ಯಾಸ್ಕೆಟ್ ಮೂಲಕ ರಾತ್ರಿ ಕೂಲಂಟ್ ಸಿಲಿಂಡರಿಗೆ ಇಳಿಯುತ್ತಿರಬಹುದು. ಆ ಕಾರನ್ನು ಓಡಿಸದೆ ಪ್ರೆಶರ್ ಟೆಸ್ಟ್ ಮಾಡಿಸಿ.

ಪ್ರಶ್ನೆ: ಎಥನಾಲ್ ಬೆರೆಸಿದ ಪೆಟ್ರೋಲಿನಿಂದ ಹೀಗಾಗುತ್ತಿದೆಯೇ?

ಉತ್ತರ: ಎಥನಾಲ್ ಚಳಿಯಲ್ಲಿ ಪೆಟ್ರೋಲಿನಷ್ಟು ಸಲೀಸಾಗಿ ಆವಿಯಾಗುವುದಿಲ್ಲ ಎನ್ನುವುದು ನಿಜ. ಆದರೆ ನಿಮ್ಮ ಬೀದಿಯವರೆಲ್ಲ ಅದೇ ಬಂಕಿನಲ್ಲಿ ಹಾಕಿಸುತ್ತಾರೆ. ನಿಮ್ಮದೊಂದೇ ಅದುರುತ್ತಿದ್ದರೆ ನಿಮ್ಮ ಕಾರನ್ನೇ ಪರೀಕ್ಷಿಸಿ.

ಪ್ರಶ್ನೆ: ಸ್ವಲ್ಪ ಸೀಮೆಎಣ್ಣೆ ಬೆರೆಸಿದರೆ ಕಾರ್ಬನ್ ಹೋಗುತ್ತದಂತೆ?

ಉತ್ತರ: ಹೋಗುವುದಿಲ್ಲ. ಸೀಮೆಎಣ್ಣೆ ಪೆಟ್ರೋಲಿಗಿಂತ ತಡವಾಗಿ ಆವಿಯಾಗುತ್ತದೆ, ಸ್ಟಾರ್ಟ್ ಇನ್ನೂ ಕಷ್ಟವಾಗುತ್ತದೆ, ಎಂಜಿನ್ ನಾಕ್ ಹೊಡೆಯುತ್ತದೆ (ಒಳಗೆ ಟಕಟಕ ಬಡಿಯುತ್ತದೆ). ಹೇಳಿದವರು ಯಾರೇ ಆಗಿರಲಿ, ಇನ್ನು ಮುಂದೆ ಅವರ ಸಲಹೆ ಕೇಳಬೇಡಿ.

ಪ್ರಶ್ನೆ: ನನ್ನದು ಡೀಸೆಲ್.

ಉತ್ತರ: ಸ್ಟಾರ್ಟ್ ಆಗಲು ಡೀಸೆಲ್ ಎಂಜಿನ್ನಿನ ಒಳಗನ್ನು ಬಿಸಿ ಮಾಡುವ ಗ್ಲೋ ಪ್ಲಗ್ ಒಂದೊಂದನ್ನೂ ಮೀಟರ್ ಹಿಡಿದು ನೋಡಿಸಿ, ಆಮೇಲೆ ಬರೆಯಿರಿ.

ಪ್ರಶ್ನೆ: ಅದುರುವುದು ನಿಲ್ಲುವವರೆಗೆ ಶೆಡ್ಡಿನೊಳಗೇ ಹತ್ತು ನಿಮಿಷ ಓಡಲು ಬಿಡುತ್ತೇನೆ. ತೊಂದರೆಯಿಲ್ಲವಲ್ಲ?

ಉತ್ತರ: ಇದೆ, ದೊಡ್ಡ ತೊಂದರೆಯೇ ಇದೆ. ತಣ್ಣಗಿನ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಹೆಚ್ಚು, ಅದಕ್ಕೆ ವಾಸನೆಯಿಲ್ಲ, ಮುಚ್ಚಿದ ಶೆಡ್ಡಿನಲ್ಲಿ ಪ್ರಾಣ ತೆಗೆಯುತ್ತದೆ. ಸ್ಟಾರ್ಟ್ ಆದ ಕೂಡಲೇ ಕಾರನ್ನು ಬಯಲಿಗೆ ತನ್ನಿ. ಅರ್ಧ ನಿಮಿಷ ಬಿಟ್ಟು, ಆಕ್ಸಿಲರೇಟರ್ ಜೋರಾಗಿ ಒತ್ತದೆ ಹೊರಡಿ.