ಸರ್ಕಾರಿ ಆಸ್ಪತ್ರೆ ಇರುವಾಗ ಲೈಂಗಿಕ ಅಲ್ಪಸಂಖ್ಯಾತರಿಗೆ ಬೇರೆ ಕ್ಲಿನಿಕ್ ಯಾಕೆ?

ನೀವು ಕೇಳಿದ್ದು ಇಷ್ಟು. ನರ್ಸಿಂಗ್ ಓದುತ್ತಿದ್ದೀರಿ. ಫೀಲ್ಡ್ ವಿಸಿಟ್ ಅಂತ ನಿಮ್ಮನ್ನು ಲೈಂಗಿಕ ಅಲ್ಪಸಂಖ್ಯಾತರ, ಅಂದರೆ ಗೇ, ಲೆಸ್ಬಿಯನ್, ಟ್ರಾನ್ಸ್‌ಜೆಂಡರ್ ಜನರ, ಒಂದು ಸಂಸ್ಥೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಒಂದು ಚಿಕ್ಕ ಕ್ಲಿನಿಕ್ ಇತ್ತು. ಆದರೆ ಔಷಧಿಗಿಂತ ಪೊಲೀಸು, ಕೇಸು, ಹಕ್ಕು ಅನ್ನೋ ಮಾತೇ ಜಾಸ್ತಿ ಇತ್ತು. ‘ಆಸ್ಪತ್ರೆ ಎಲ್ಲರಿಗೂ ಒಂದೇ ಅಲ್ವಾ? ಇವರಿಗೆ ಮಾತ್ರ ಬೇರೆ ಯಾಕೆ? ಆರೋಗ್ಯದವರಿಗೆ ಕೋರ್ಟು ಕಚೇರಿ ಯಾಕೆ ಬೇಕು?’

ನಾನು ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ಇಂಥದ್ದೇ ಸಂಸ್ಥೆಯಲ್ಲಿ 2008ರಿಂದ ಹನ್ನೊಂದು ವರ್ಷ ಇದ್ದೆ. ಮೊದಲು ಪೀರ್, ಅಂದರೆ ಸಮುದಾಯದ ಒಳಗಿನಿಂದಲೇ ಬಂದ ಕಾರ್ಯಕರ್ತ, ಆಮೇಲೆ ಔಟ್‌ರೀಚ್ ವರ್ಕರ್, ಕೊನೆಗೆ ಕೌನ್ಸೆಲರ್. ನಾನೂ ಆ ಸಮುದಾಯದವನೇ. ಕೆಲಸಕ್ಕೆ ಸೇರಿದ ವಾರ ನಾನೂ ನಿಮ್ಮ ಹಾಗೇ ಕೇಳಿದ್ದೆ, ಹಾಗಾಗಿ ಬೇಜಾರೇನಿಲ್ಲ.

ಒಬ್ಬರ ಕಥೆಯಿಂದ ಶುರು ಮಾಡುತ್ತೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ನಮ್ಮ ಡಿಐಸಿ, ಅಂದರೆ ಡ್ರಾಪ್-ಇನ್ ಸೆಂಟರ್, ಎರಡು ರೂಮಿನ ಬಾಡಿಗೆ ಮನೆ. ಒಂದು ಟಿವಿ, ಎರಡು ಚಾಪೆ, ಗೋಡೆಗೆ ಒಂದು ದೊಡ್ಡ ಕನ್ನಡಿ. ಬರುವವರಲ್ಲಿ ಅರ್ಧ ಜನ ಆ ಕನ್ನಡಿಗೋಸ್ಕರವೇ ಬರುತ್ತಿದ್ದರು. ಮನೆಯಲ್ಲಿ ಹಣೆಗೆ ಬೊಟ್ಟು ಇಟ್ಟು ನೋಡಿಕೊಳ್ಳೋಕೆ ಆಗಲ್ಲ, ಇಲ್ಲಿ ಆಗುತ್ತೆ. ಹಾಗೆ ಸುಮ್ನೆ ಕೂರೋಕೆ ಅಂತ ಒಬ್ಬರು ಭಾನುವಾರ ಬರುತ್ತಿದ್ದರು. ಮದುವೆಯಾಗಿದೆ, ಇಬ್ಬರು ಮಕ್ಕಳು. ಒಂದು ದಿನ ಚಾಪೆ ಮೇಲೆ ಕೂರಲಾರದೆ ಗೋಡೆಗೆ ಒರಗಿ ನಿಂತೇ ಇದ್ದರು. ಕೇಳಿದರೆ ‘ಮೂಲವ್ಯಾಧಿ ಕಣೋ, ಎರಡು ತಿಂಗಳಿಂದ’ ಅಂದರು. ಮೊದಲು ಮೆಡಿಕಲ್ ಶಾಪಿನ ಮುಲಾಮು ಹಚ್ಚಿದ್ದಾರೆ. ಆಮೇಲೆ ಯಾರೋ ಹೇಳಿದ ನಾಟಿ ಔಷಧಿ. ಆಮೇಲೆ ಒಂದು ಆಸ್ಪತ್ರೆ. ಅಲ್ಲಿ ಡಾಕ್ಟರು ‘ಮದುವೆ ಆಗಿದೆಯಾ?’ ಅಂತ ಕೇಳಿದ್ದಾರೆ. ಇವರು ‘ಹೌದು ಸಾರ್’ ಅಂದಿದ್ದಾರೆ. ಅಲ್ಲಿಗೆ ವಿಚಾರಣೆ ಮುಗಿಯಿತು. ಪ್ಯಾಂಟ್ ಇಳಿಸಿ ನೋಡಿದವರು ಯಾರೂ ಇಲ್ಲ. ಮತ್ತೆ ಮುಲಾಮೇ ಬರೆದುಕೊಟ್ಟಿದ್ದಾರೆ.

ನಮ್ಮಲ್ಲಿಗೆ ವಾರಕ್ಕೆ ಎರಡು ದಿನ ಒಬ್ಬರು ಡಾಕ್ಟರ್ ಬರುತ್ತಿದ್ದರು. ಅವರು ನೋಡಿದರು. ಗುದದ್ವಾರದ ಸುತ್ತ ಚಪ್ಪಟೆಯಾದ, ಒದ್ದೆ ಒದ್ದೆ ಗಂಟುಗಳು. ಅಂಗೈಯಲ್ಲಿ ತುರಿಕೆ ಇಲ್ಲದ ಕೆಂಪು ಕಲೆಗಳು. ವಿಡಿಆರ್‌ಎಲ್ ಅನ್ನೋ ರಕ್ತಪರೀಕ್ಷೆ ಪಾಸಿಟಿವ್ ಬಂತು. ಸಿಫಿಲಿಸ್, ಸೆಕ್ಸ್‌ನಿಂದ ಹರಡುವ ರೋಗ. ಇದರ ಮೊದಲ ಹುಣ್ಣು ಎಷ್ಟೋ ಸಲ ನೋಯುವುದಿಲ್ಲ. ಮೂರರಿಂದ ಆರು ವಾರದಲ್ಲಿ ತಾನಾಗಿಯೇ ಮಾಯುತ್ತದೆ. ಹೋಯ್ತು ಅಂದುಕೊಳ್ಳುತ್ತೇವೆ. ರೋಗ ಮೈಯೊಳಗೆ ಹರಡಿ ಎರಡನೇ ಹಂತದಲ್ಲಿ ಹೀಗೆ ಕಾಣಿಸಿಕೊಳ್ಳುತ್ತದೆ. ಚಿಕಿತ್ಸೆ ಏನು ಗೊತ್ತಾ? ಬೆಂಜಥೀನ್ ಪೆನಿಸಿಲಿನ್, 24 ಲಕ್ಷ ಯೂನಿಟ್. ಎರಡೂ ಕುಂಡೆಗೆ ಅರ್ಧರ್ಧ, ಒಂದೇ ದಿನ. ಆ ಇಂಜೆಕ್ಷನ್ ಚುಚ್ಚಿದರೆ ಕಾಲು ಎಳೆದುಕೊಂಡು ಮನೆಗೆ ಹೋಗಬೇಕು, ಅಷ್ಟು ನೋವು. ಆದರೆ ಈ ಹಂತದಲ್ಲಿ ಅಷ್ಟೇ ಸಾಕು. 1940ರ ದಶಕದಿಂದ ಜಗತ್ತು ಇದನ್ನು ಪೆನಿಸಿಲಿನ್‌ನಲ್ಲೇ ವಾಸಿ ಮಾಡುತ್ತಾ ಬಂದಿದೆ.

ಎರಡು ತಿಂಗಳು ಹಾಳಾಗಿದ್ದು ಔಷಧಿ ಇಲ್ಲದೆ ಅಲ್ಲ. ಅವರು ಹೇಳಲಿಲ್ಲ, ಅವರಿಗೆ ಹೇಳಿಕೊಳ್ಳುವ ಹಾಗೆ ಯಾರೂ ಕೇಳಲಿಲ್ಲ. ನಮ್ಮಲ್ಲೂ ಅವರು ಡಾಕ್ಟರ್ ಹತ್ತಿರ ನೇರ ಹೇಳಲಿಲ್ಲ. ಕನ್ನಡಿ ಪಕ್ಕ ನಿಂತು ನನ್ನ ಹತ್ತಿರ ಹೇಳಿದರು, ನಾನು ಡಾಕ್ಟರಿಗೆ ಹೇಳಿದೆ. ಪೀರ್ ಅಂದರೆ ಇದೇ ಕೆಲಸ.

ಹೆಂಡತಿಗೂ ತೋರಿಸಬೇಕಿತ್ತು. ಅದಕ್ಕೆ ಇನ್ನೂ ಮೂರು ಸಲ ಕೂತು ಮಾತಾಡಬೇಕಾಯಿತು. ಕೊನೆಗೆ ಅವರೇ ‘ನನಗೊಂದು ಇನ್‌ಫೆಕ್ಷನ್ ಆಗಿದೆ, ನಿನಗೂ ಚೆಕ್ ಮಾಡಬೇಕಂತೆ’ ಅಂತ ಹೇಳಿ ಕರೆತಂದರು. ಆಕೆಯ ಟೆಸ್ಟ್ ನೆಗೆಟಿವ್ ಬಂತು. ಸಂಪರ್ಕ ಇತ್ತೀಚಿನದು ಅಂತ ಡಾಕ್ಟರು ಆಕೆಗೂ ಇಂಜೆಕ್ಷನ್ ಕೊಟ್ಟರು. ಆ ಹೆಣ್ಣುಮಗಳ ಆರೋಗ್ಯ ಉಳಿದಿದ್ದೂ ಈ ‘ಬೇರೆ’ ಕ್ಲಿನಿಕ್‌ನಿಂದಲೇ ಅಲ್ವಾ?

ಇನ್ನು ಪೊಲೀಸು, ಕೇಸು.

ಪೀರ್ ಒಬ್ಬರಿಗೆ ಸುಮಾರು 60 ಜನರ ಜವಾಬ್ದಾರಿ. ಅವರಿಗೆ ಕಾಂಡೋಮ್, ಲೂಬ್ ತಲುಪಿಸಬೇಕು. ಆರು ತಿಂಗಳಿಗೊಮ್ಮೆ ಎಚ್‌ಐವಿ ಟೆಸ್ಟ್ ಮಾಡಿಸಬೇಕು. ಇದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋದ ಕೆಲಸ, ಸರ್ಕಾರದ ದುಡ್ಡು. ಸಂಜೆ ಬಸ್ ಸ್ಟ್ಯಾಂಡ್ ಹಿಂದೆ, ಪಾರ್ಕಿನಲ್ಲಿ, ಎಲ್ಲಿ ಜನ ಸೇರುತ್ತಾರೋ ಅಲ್ಲೇ ಇದು ನಡೆಯಬೇಕು. ಅದೇ ಜಾಗಕ್ಕೆ ಬೀಟ್ ಪೊಲೀಸರೂ ಬರುತ್ತಾರೆ. ಜೇಬಿನಲ್ಲಿ ನಲವತ್ತು ಕಾಂಡೋಮ್ ಸಿಕ್ಕಿದರೆ ಅವರಿಗೆ ಅದು ಅಪರಾಧದ ಸಾಕ್ಷಿ. ಒಂದು ಇಲಾಖೆ ಕೊಟ್ಟಿದ್ದನ್ನ ಇನ್ನೊಂದು ಇಲಾಖೆ ಕಿತ್ತುಕೊಳ್ಳುತ್ತದೆ. ಹೀಗಾದ ಮೇಲೆ ಯಾರಾದರೂ ಕಾಂಡೋಮ್ ಇಟ್ಟುಕೊಂಡು ಓಡಾಡುತ್ತಾರಾ?

ಉತ್ಪ್ರೇಕ್ಷೆ ಅನ್ನಿಸಿದರೆ ಲಕ್ನೋ ನೆನಪಿಸಿಕೊಳ್ಳಿ. 2001ರ ಜುಲೈನಲ್ಲಿ ಅಲ್ಲಿ ಭರೋಸಾ ಟ್ರಸ್ಟ್ ಮತ್ತು ನಾಜ್ ಫೌಂಡೇಶನ್ ಇಂಟರ್‌ನ್ಯಾಷನಲ್‌ನ ನಾಲ್ವರನ್ನು ಪೊಲೀಸರು ಹಿಡಿದರು. ಅವರು ಎಚ್‌ಐವಿ ತಡೆಯುವ ಕೆಲಸ ಮಾಡುತ್ತಿದ್ದವರು. ಅವರ ಹತ್ತಿರ ಇದ್ದ ತಿಳಿವಳಿಕೆ ಸಾಮಗ್ರಿಯನ್ನು ಅಶ್ಲೀಲ ಅಂದರು, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ಹಾಕಿದರು. ಜಾಮೀನು ಸಿಗುವಷ್ಟರಲ್ಲಿ 47 ದಿನ ಜೈಲಿನಲ್ಲಿ ಕಳೆದಿದ್ದರು. ಅದೇ ವರ್ಷ ದೆಹಲಿ ಹೈಕೋರ್ಟಿಗೆ 377ರ ವಿರುದ್ಧ ಅರ್ಜಿ ಹೋಯಿತು. ಹಾಕಿದ್ದು ಯಾವ ರಾಜಕೀಯ ಪಕ್ಷವೂ ಅಲ್ಲ, ದೆಹಲಿಯಲ್ಲಿ ಅಂಜಲಿ ಗೋಪಾಲನ್ ಕಟ್ಟಿದ್ದ ನಾಜ್ ಫೌಂಡೇಶನ್ ಅನ್ನೋ ಎಚ್‌ಐವಿ ಸಂಸ್ಥೆ. ಆ ಕೇಸಿನಲ್ಲಿ ನನಗೆ ಇವತ್ತಿಗೂ ಮಜಾ ಅನ್ನಿಸೋದು ಒಂದಿದೆ. ಕೇಂದ್ರ ಗೃಹ ಇಲಾಖೆ ಸೆಕ್ಷನ್ ಇರಲಿ ಅಂತ ವಾದಿಸಿತು. ಕೇಂದ್ರ ಆರೋಗ್ಯ ಇಲಾಖೆಯ ನ್ಯಾಕೋ 2006ರಲ್ಲಿ ಅಫಿಡವಿಟ್ ಹಾಕಿ, ಈ ಸೆಕ್ಷನ್‌ನಿಂದ ಜನ ಮರೆಯಾಗುತ್ತಾರೆ, ಎಚ್‌ಐವಿ ತಡೆಯೋಕೆ ಅಡ್ಡಿ ಆಗುತ್ತೆ ಅಂತ ಹೇಳಿತು. ಒಂದೇ ಸರ್ಕಾರ, ಎರಡು ಬಾಯಿ!

2009ರಲ್ಲಿ ಹೈಕೋರ್ಟ್ ನಮ್ಮ ಕಡೆ ತೀರ್ಪು ಕೊಟ್ಟಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಅದನ್ನ ತಿರುಗಿಸಿತು. ಆ ವಾರ ನಮ್ಮ ಡಿಐಸಿಯಲ್ಲಿ ಟಿವಿ ನೋಡೋಕೂ ಜನ ಇರಲಿಲ್ಲ. ಟೆಸ್ಟಿಗೆ ಹೆಸರು ಕೊಟ್ಟಿದ್ದವರು ಫೋನ್ ಎತ್ತಲಿಲ್ಲ. ನಮ್ಮ ರಿಜಿಸ್ಟರಿನಲ್ಲಿ ಇರುವ ಹೆಸರುಗಳು ಪೊಲೀಸರಿಗೆ ಹೋಗುತ್ತವಾ ಅಂತ ಒಬ್ಬರು ಬಂದು ಕೇಳಿ, ತಮ್ಮ ಪುಟವನ್ನು ಹರಿದು ಕೊಡಿ ಅಂತ ಕೂತುಬಿಟ್ಟರು. 2018ರ ಸೆಪ್ಟೆಂಬರ್ 6ಕ್ಕೆ ಕೊನೆಗೂ ವಯಸ್ಕರು ಒಪ್ಪಿ ನಡೆಸುವ ಸಂಬಂಧ ಅಪರಾಧ ಅಲ್ಲ ಅಂತ ಆಯಿತು. ಅದಾಗಿ ನಾಲ್ಕೇ ದಿನಕ್ಕೆ, ಸೆಪ್ಟೆಂಬರ್ 10ಕ್ಕೆ, 2017ರ ಎಚ್‌ಐವಿ ಕಾಯ್ದೆ ಜಾರಿಗೆ ಬಂತು. ಪತ್ರಿಕೆಯವರು ಅದನ್ನ ಅಷ್ಟಾಗಿ ಗಮನಿಸಲಿಲ್ಲ. ಆದರೆ ನಮ್ಮಂಥ ಪೀರ್‌ಗಳಿಗೆ ಅದು ಕಮ್ಮಿ ಏನಲ್ಲ. ರೋಗ ತಡೆಯೋಕೆ ಕಾಂಡೋಮ್ ಕೊಡುವುದು, ತಿಳಿವಳಿಕೆ ಹೇಳುವುದು ಅಪರಾಧ ಆಗುವುದಿಲ್ಲ ಅಂತ ಅದರ 22ನೇ ಸೆಕ್ಷನ್‌ನಲ್ಲಿ ಬರೆದಿದೆ. ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡಬಾರದು, ರಿಪೋರ್ಟ್ ಹೊರಗೆ ಹೇಳಬಾರದು ಅಂತಲೂ ಇದೆ. ಇದು ನೀವು ಪರೀಕ್ಷೆಗಾದರೂ ಓದಲೇಬೇಕಾದ ಕಾಯ್ದೆ.

ಕಾನೂನು ಬದಲಾದ ಕೂಡಲೇ ಬೀಟ್ ಬದಲಾಗಲಿಲ್ಲ ಅನ್ನಿ. ಮಾಮೂಲಿ ಕೇಳುವವರು ಕೇಳುತ್ತಲೇ ಇದ್ದರು. ಒಂದು ರಾತ್ರಿ ಹನ್ನೊಂದಕ್ಕೆ ಫೋನ್ ಬಂತು, ಒಬ್ಬರನ್ನು ಸ್ಟೇಷನ್ನಿನಲ್ಲಿ ಕೂರಿಸಿದ್ದಾರೆ ಅಂತ. ಅವರು ಎಆರ್‌ಟಿ, ಅಂದರೆ ಎಚ್‌ಐವಿ ಹತೋಟಿಯಲ್ಲಿಡುವ ಔಷಧಿ, ತಗೊಳ್ಳುತ್ತಿದ್ದರು. ರಾತ್ರಿ ಮಲಗುವ ಮುಂಚೆ ತಗೊಳ್ಳುವ ಮಾತ್ರೆ ಮನೆಯಲ್ಲಿತ್ತು. ಕೌನ್ಸೆಲಿಂಗ್‌ನಲ್ಲಿ ‘ಒಂದು ದಿನವೂ ತಪ್ಪಿಸಬೇಡ’ ಅಂತ ನೂರು ಸಲ ಹೇಳಿರುತ್ತೇವೆ. ಮಾತ್ರೆ ಬಿಡದೆ ತಗೊಂಡು ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಟೆಸ್ಟಿನಲ್ಲಿ ಸಿಗದಷ್ಟು ಇಳಿದರೆ, ಸೆಕ್ಸ್‌ನಿಂದ ಇನ್ನೊಬ್ಬರಿಗೆ ಎಚ್‌ಐವಿ ಹರಡಲ್ಲ. ಅಷ್ಟು ದೊಡ್ಡ ವಿಷಯ ಅದು. ಈಗ ಈ ಮಾತ್ರೆಯನ್ನ ಸ್ಟೇಷನ್ ಒಳಗೆ ಹೇಗೆ ಕೊಡೋದು? ಯಾವ ರೋಗಕ್ಕೆ ಅಂತ ಕೇಳಿದರೆ ಏನು ಹೇಳೋದು? ನಾನು ಡಬ್ಬಿಯ ಲೇಬಲ್ ಕಿತ್ತು, ಒಂದೇ ಮಾತ್ರೆ ಕಾಗದದಲ್ಲಿ ಸುತ್ತಿಕೊಂಡು ಹೋದೆ. ಜೊತೆಗೆ ವಕೀಲರೊಬ್ಬರು ಬಂದರು. ಬಂಧಿಸಿದ್ದೀರಾ, ಇಲ್ಲವಾ? ಬಂಧಿಸಿದ್ದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಕರ್ಕೊಂಡು ಹೋಗಿ, ಇಲ್ಲದಿದ್ದರೆ ಬಿಡಿ ಅಂದರು. ಒಂದೂವರೆಗೆ ಬಿಟ್ಟರು. ಆಚೆ ಬಂದವರು ಟೀ ಅಂಗಡಿಯ ನೀರಲ್ಲಿ ಮಾತ್ರೆ ನುಂಗಿದರು. ಈಗ ನೀವೇ ಹೇಳಿ, ಆ ರಾತ್ರಿ ನಾನು ಮಾಡಿದ್ದು ಆರೋಗ್ಯದ ಕೆಲಸವೋ ಹಕ್ಕಿನ ಕೆಲಸವೋ? ರಿಪೋರ್ಟಿನಲ್ಲಿ ಯಾವ ಕಾಲಂಗೆ ಹಾಕಬೇಕು ಅಂತ ನನಗೂ ಗೊತ್ತಾಗಿರಲಿಲ್ಲ.

‘ಬೇರೆ ಆಸ್ಪತ್ರೆ’ ಅನ್ನೋದೂ ಅಷ್ಟು ಸರಿಯಲ್ಲ. ಡಿಐಸಿಯಲ್ಲಿ ಎಆರ್‌ಟಿ ಇರಲ್ಲ, ಎಕ್ಸ್‌ರೇ ಇರಲ್ಲ, ಟಿಬಿ ಮಾತ್ರೆ ಇರಲ್ಲ. ಅದಕ್ಕೆಲ್ಲ ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ನಮ್ಮ ಅರ್ಧ ಕೆಲಸ ಅಲ್ಲಿಗೆ ಜೊತೆಗೆ ಹೋಗುವುದೇ ಆಗಿತ್ತು. ಓಪಿಡಿ ಚೀಟಿ ಬರೆಸುವ ಕೌಂಟರಿನಲ್ಲಿ ಗಂಡಸರ ಸಾಲು, ಹೆಂಗಸರ ಸಾಲು. ಸೀರೆ ಉಟ್ಟ ನಮ್ಮ ಸಮುದಾಯದ ಟ್ರಾನ್ಸ್‌ಜೆಂಡರ್ ಅಕ್ಕ ಒಬ್ಬರು ಹೆಂಗಸರ ಸಾಲಿನಲ್ಲಿ ನಿಂತರೆ ಗುಸುಗುಸು. ಗಂಡಸರ ಸಾಲಿನಲ್ಲಿ ನಿಂತರೆ ಕೈ ಹಾಕುವವರು. ಕೌಂಟರಿಗೆ ಬಂದರೆ ಹಳೇ ಹೆಸರನ್ನ ಮೈಕಿನಲ್ಲಿ ಕೂಗುತ್ತಾರೆ, ಇಡೀ ಹಾಲ್ ತಿರುಗಿ ನೋಡುತ್ತದೆ. ಅವರಿಗೇ ಡೆಂಗಿ ಜ್ವರ ಬಂದಾಗ ಗಂಡಸರ ವಾರ್ಡಿನಲ್ಲಿ ಮಲಗಿಸಿದರು. ರಾತ್ರಿ ಪಕ್ಕದ ಬೆಡ್ಡಿನ ರೋಗಿಯ ಕಡೆಯವರ ಕಾಟ ತಡೆಯಲಾಗದೆ ಡ್ರಿಪ್ ಸೂಜಿ ತಾವೇ ಕಿತ್ತುಕೊಂಡು ಹೊರಟುಬಿಟ್ಟರು. ಕೈಯಿಂದ ರಕ್ತ ಸುರಿಯುತ್ತಿತ್ತು. ಪ್ಲೇಟ್‌ಲೆಟ್ ಎಷ್ಟಿತ್ತು ಅಂತ ಆಮೇಲೆ ಗೊತ್ತಾಗಿ ನಮಗೆಲ್ಲ ನಡುಕ ಬಂತು. ಇದು ಟ್ರಾನ್ಸ್‌ಜೆಂಡರ್ ಜನರ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2014ರ ನಾಲ್ಸಾ ತೀರ್ಪು ಬಂದು ವರ್ಷದ ಮೇಲೆ ಆಗಿದ್ದು. ಅವರಿಗೆ ಆಸ್ಪತ್ರೆಗಳಲ್ಲಿ ಸರಿಯಾದ ಚಿಕಿತ್ಸೆ ಸಿಗಬೇಕು ಅಂತ ಆ ತೀರ್ಪಿನಲ್ಲೇ ಹೇಳಿತ್ತು.

ಇನ್ನೊಂದು ವಿಷಯ, ಹೇಳೋಕೆ ಕಷ್ಟ ಆದರೂ ಹೇಳುತ್ತೇನೆ. ಡ್ಯೂಟಿಯಲ್ಲಿ ನಿಮಗೆ ಸೂಜಿ ಚುಚ್ಚಿದರೆ 72 ಗಂಟೆಯೊಳಗೆ ಪೆಪ್, ಅಂದರೆ ಎಚ್‌ಐವಿ ತಗುಲದ ಹಾಗೆ ತಡೆಯುವ ಔಷಧಿ, ಶುರು ಮಾಡಿ 28 ದಿನ ಮಾತ್ರೆ ತಗೊಳ್ಳಬೇಕು ಅಂತ ನಿಮಗೆ ಕಲಿಸಿರುತ್ತಾರೆ. ಬಲಾತ್ಕಾರ ಆದವರಿಗೂ ಅದೇ ಪೆಪ್. ಆದರೆ ಅದನ್ನ ಪಡೆಯೋಕೆ ಒಬ್ಬ ಹುಡುಗ ಕ್ಯಾಶುವಾಲ್ಟಿಯಲ್ಲಿ ನಿಂತು ತನಗೆ ಏನಾಯ್ತು ಅಂತ ಬಾಯಿ ಬಿಟ್ಟು ಹೇಳಬೇಕು. ಕಾನೂನು ಅವನಿಗೆ ಅತ್ಯಾಚಾರ ಆಯ್ತು ಅಂತ ಒಪ್ಪುವುದೇ ಇಲ್ಲ. ಆ ಸೆಕ್ಷನ್ ಹೆಂಗಸರಿಗೆ ಮಾತ್ರ. ಮೊದಲು 377 ಆದರೂ ಅಲ್ಲಿಗೆ ಬಳಕೆಗೆ ಬರುತ್ತಿತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದಕ್ಕೆ ಬದಲಾಗಿ ಏನೂ ಇಲ್ಲ. ಹೀಗಿರುವಾಗ 72 ಗಂಟೆ ಯಾರಿಗೂ ಹೇಳದೆ ಮುಗಿದುಹೋಗೋದೇ ಜಾಸ್ತಿ.

ನಮ್ಮಲ್ಲಿ ಎಲ್ಲ ಸರಿ ಇತ್ತು ಅಂತಲೂ ಅಂದುಕೊಳ್ಳಬೇಡಿ. ದುಡ್ಡು ಬರುತ್ತಿದ್ದುದೇ ಎಚ್‌ಐವಿ ಹೆಸರಲ್ಲಿ. ಹಾಗಾಗಿ ಲೆಸ್ಬಿಯನ್ ಹೆಣ್ಣುಮಕ್ಕಳು, ಟ್ರಾನ್ಸ್ ಗಂಡಸರು ನಮ್ಮ ಲೆಕ್ಕಕ್ಕೇ ಬರುತ್ತಿರಲಿಲ್ಲ. ಮನೆಯವರು ಕೂಡಿಹಾಕಿದ್ದಾರೆ ಅಂತ ಒಬ್ಬ ಹುಡುಗಿ ಫೋನ್ ಮಾಡಿದಾಗ, ಅದಕ್ಕೆ ನಮ್ಮ ಬಜೆಟ್ಟಿನಲ್ಲಿ ಆಟೋ ಚಾರ್ಜ್ ಕೂಡ ಇರಲಿಲ್ಲ. ನಾವೇ ಕೈಯಿಂದ ಹಾಕಿಕೊಂಡು ಹೋದೆವು. ಪೀರ್‌ಗಳ ಗೌರವಧನ ತಿಂಗಳುಗಟ್ಟಲೆ ತಡ. ಟಾರ್ಗೆಟ್ ಮುಟ್ಟಿಲ್ಲ ಅಂತ ಬೈಗುಳ ಮಾತ್ರ ಸರಿಯಾದ ಟೈಮಿಗೆ. ಮನಸ್ಸಿನ ಕಷ್ಟಕ್ಕೆ ಅಂತ ಬಂದವರಿಗೆ ಕಾಂಡೋಮ್ ಡೆಮೋ ತೋರಿಸಿ ಕಳಿಸಿದ ಪಾಪ ನನ್ನದೂ ಇದೆ. ‘ಸರಿ ಮಾಡಿ’ ಅಂತ ಮಗನನ್ನು ಡಾಕ್ಟರ್ ಹತ್ತಿರ ಎಳೆದುಕೊಂಡು ಹೋಗುವ ಅಪ್ಪ ಅಮ್ಮ ಈಗಲೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗಕಾಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದ್ದು 1990ರಲ್ಲಿ. ಹೀಗೆ ‘ಬದಲಾಯಿಸುವ’ ಚಿಕಿತ್ಸೆ ವೃತ್ತಿಗೆ ದ್ರೋಹ ಅಂತ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳುವಷ್ಟರಲ್ಲಿ 2022 ಬಂದಿತ್ತು.

ನೀವು ಮುಂದೆ ವಾರ್ಡಿನಲ್ಲಿ ಇರುವವರು, ಆದ್ದರಿಂದ ಒಂದೆರಡು ಮಾತು. ಹಿಸ್ಟರಿ ತಗೊಳ್ಳುವಾಗ ‘ಮದುವೆ ಆಗಿದೆಯಾ’ ಅಂತ ಕೇಳಿ ನಿಲ್ಲಿಸಬೇಡಿ. ‘ಸೆಕ್ಸ್ ಗಂಡಸರ ಜೊತೆನಾ, ಹೆಂಗಸರ ಜೊತೆನಾ, ಇಬ್ಬರ ಜೊತೆನಾ’ ಅಂತ ಶುಗರ್ ಇದೆಯಾ ಅಂತ ಕೇಳುವ ದನಿಯಲ್ಲೇ ಕೇಳಿ. ಮೊದಲ ಸಲ ನಾಲಿಗೆ ತಡವರಿಸುತ್ತೆ, ಐದನೇ ಸಲಕ್ಕೆ ಸರಿಹೋಗುತ್ತೆ. ಪರದೆ ಎಳೆದು ಕೇಳಿ. ಕಡತದ ಮೇಲೆ ಕೆಂಪು ಪೆನ್ನಲ್ಲಿ ಎಚ್‌ಐವಿ ಅಂತ ಯಾರಾದರೂ ಬರೆದಿದ್ದರೆ ಅದು ಕಾನೂನಿಗೆ ವಿರುದ್ಧ ಅಂತ ಹೇಳಿ. ನೀವು ಹೊಸಬರು, ಹೇಳೋಕೆ ಭಯ ಆಗುತ್ತೆ, ಗೊತ್ತು. ಆಗ ಎಆರ್‌ಟಿ ಸೆಂಟರಿನ ಕೌನ್ಸೆಲರ್ ಕಿವಿಗೆ ಹಾಕಿ. ಯಾರಿಗಾದರೂ ಫೋನಿನಲ್ಲೇ ಮಾತಾಡಬೇಕು ಅಂದರೆ ನ್ಯಾಕೋದ 1097 ಇದೆ, ದುಡ್ಡು ಕಟ್ ಆಗಲ್ಲ.

ಆ ಸಂಸ್ಥೆಗೆ ಇನ್ನೊಂದು ಸಲ ಹೋಗಿ, ಈ ಸಲ ಕಾಲೇಜಿನ ಗುಂಪು ಬೇಡ. ಸಂಜೆ ಐದರ ಮೇಲೆ ಹೋಗಿ, ಆಗ ಜನ ಇರುತ್ತಾರೆ. ಮೊದಲು ಫೋನ್ ಮಾಡಿ ಕೇಳಿಕೊಂಡು ಹೋಗಿ. ಯೂನಿಫಾರ್ಮ್ ಹಾಕಿಕೊಂಡು ಹೋಗಬೇಡಿ, ಖಾಕಿಯಷ್ಟೇ ಬಿಳಿಗೂ ನಮ್ಮವರು ಹೆದರುತ್ತಾರೆ.